ಮೀರ್ ಸುಲ್ತಾನ್ ಖಾನ್: ಒಂದು ಆಟ, ಒಂದು ಪಾಠ

ಚದುರಂಗದಲ್ಲಿ ನಾವು ಮಂತ್ರಿ ಎನ್ನುವ ಕಾಯಿಗೆ ಯುರೋಪಿನವರು ರಾಣಿ ಎನ್ನುತ್ತಾರೆ. ಭಾರತದಲ್ಲಿ ಹುಟ್ಟಿ, ಪರ್ಷಿಯಾ ಮತ್ತು ಅರಬ್ ನಾಡುಗಳ ಮೂಲಕ ಯುರೋಪ್ ಸೇರಿದ ಈ ಆಟವು ದಾರಿಯಲ್ಲಿ ಹೆಸರುಗಳನ್ನೂ ನಿಯಮಗಳನ್ನೂ ಬದಲಿಸಿಕೊಂಡಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ನಡೆಯ ಮೇಲೆ ಅನೇಕ ಬಂಧಗಳನ್ನು ರಚಿಸಿದ್ದು ನಿಮಗೆ ತಿಳಿದಿರಬಹುದು. ಅವರು ಅರಸರು. ಇಲ್ಲಿ ಹೇಳಹೊರಟಿರುವುದು ಜಮೀನ್ದಾರರ ಆಶ್ರಯದಲ್ಲಿದ್ದ ಒಬ್ಬ ಸಾಮಾನ್ಯನ ವಿಚಾರ.

ಪಂಜಾಬಿನ ಮಿಠಾ ತಿವಾನಾ ಗ್ರಾಮದ ಮೀರ್ ಸುಲ್ತಾನ್ ಖಾನ್ ಬಾಲ್ಯದಲ್ಲಿ ಕಲಿತದ್ದು ದೇಶೀ ಪದ್ಧತಿಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಸಾಗುತ್ತದೆ. 1929ರಲ್ಲಿ ಸರ್ ಉಮರ್ ಹಯಾತ್ ಖಾನರು ಅವರನ್ನು ಲಂಡನ್ನಿಗೆ ಕರೆದೊಯ್ದರು. ಪಾಶ್ಚಾತ್ಯ ಆಟದ ಗ್ರಂಥಗಳ ಪರಿಚಯ ಅಷ್ಟಾಗಿ ಇಲ್ಲದಿದ್ದರೂ ಅದೇ ವರ್ಷ ಅವರು ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲೂ ಗೆದ್ದರು.

1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಎದುರಾದವರು 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಕಾಪಾಬ್ಲಾಂಕಾ. ಬಿಳಿ ಕಾಯಿ ಹಿಡಿದ ಸುಲ್ತಾನ್ ಖಾನ್ ಮೊದಲು ಕುದುರೆ ನಡೆಸಿದರು. ಎರಡನೆಯ ನಡೆಯಲ್ಲಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟರು. ಹುಟ್ಟೂರಿನ ಆಟದಲ್ಲಿ ಇಲ್ಲದ ನಡೆ ಅದು! ಮುಂದೆ ತಮ್ಮ ಮಂತ್ರಿಯನ್ನೇ ಕೊಟ್ಟು ಎದುರಾಳಿಯ ಎರಡೂ ಆನೆಗಳನ್ನು ಪಡೆದರು. ಆ ಬಳಿಕ ಆತುರಪಡಲಿಲ್ಲ. ತಮ್ಮೆರಡು ಆನೆಗಳನ್ನು ಒಂದಕ್ಕೊಂದು ಬೆಂಬಲವಾಗಿ ನಿಲ್ಲಿಸಿ, ಎದುರಾಳಿಯ ಮಂತ್ರಿಗೆ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದರು. 65ನೇ ನಡೆಯಲ್ಲಿ ಗೆಲುವು ಅವರದಾಯಿತು.

ಅದೇ ಮನೆಯ ಪರಿಚಾರಿಕೆ ಫಾತಿಮಾ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರೆಂಬುದು ಇನ್ನೂ ಕಡಿಮೆ ಜನರಿಗೆ ಗೊತ್ತು. ಆ ವರ್ಷದ ಕೊನೆಗೆ ಒಡೆಯರು ಸ್ವದೇಶಕ್ಕೆ ಮರಳಿದಾಗ ಸುಲ್ತಾನ್ ಖಾನರೂ ಮರಳಿದರು. ಯುರೋಪಿನ ಪಂದ್ಯಗಳು ಅಲ್ಲಿಗೇ ಮುಗಿದವು. ಅವರು 1966ರಲ್ಲಿ ನಿಧನರಾದರು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿದ್ದು 2024ರಲ್ಲಿ.

ಯೋಚಿಸಿ ನೋಡಿ: ಒಬ್ಬರ ಕೃಪೆಯಿಂದ ತೆರೆದ ಬಾಗಿಲು ಅವರೊಂದಿಗೇ ಮುಚ್ಚಿಹೋಯಿತು. ಶಾಲೆ, ಗ್ರಂಥಾಲಯ, ಸಂಘಸಂಸ್ಥೆಗಳ ಬಾಗಿಲು ಹಾಗಲ್ಲ. ಇಂದು ಒಬ್ಬ ಹೋದರೆ ನಾಳೆ ಇನ್ನೊಬ್ಬನಿಗೆ ಅದು ತೆರೆದೇ ಇರುತ್ತದೆ. ಶರಾವತಿ ಹಿನ್ನೀರಿನಾಚೆಯ ಬ್ಯಾಕೋಡಿನ ಹುಡುಗನಿಗೂ ಹುಡುಗಿಗೂ ಒಂದು ಮಣೆ, ಮೂವತ್ತೆರಡು ಕಾಯಿ, ಕಲಿಸುವ ಒಬ್ಬ ಗುರು ಸಿಗುವಂತಾಗಲಿ. ಕಲಿತು ಆಡಬೇಕಾದವರು ನೀವು.