ಮಿಸಿಸಿಪಿಯ ಹಗುರ ಯಂತ್ರ

ಉಗಿದೋಣಿಯ ಚರಿತ್ರೆಯನ್ನು ರಾಬರ್ಟ್ ಫುಲ್ಟನ್ನನ ಹೆಸರು ಹೇಳಿ ಮುಗಿಸಿಬಿಡುವುದು ಪಾಠಪುಸ್ತಕಗಳ ವಾಡಿಕೆ. 1807ರಲ್ಲಿ ಅವನ ದೋಣಿ ನ್ಯೂಯಾರ್ಕಿನಿಂದ ಆಲ್ಬನಿಯವರೆಗಿನ 150 ಮೈಲಿಗಳ ದಾರಿಯನ್ನು 32 ಗಂಟೆಗಳಲ್ಲಿ ಕ್ರಮಿಸಿತೆಂಬುದು ನಿಜ. ಆದರೆ ಅದು ನಡೆದದ್ದು ಹಡ್ಸನ್ನಿನಂಥ ಆಳವಾದ, ಸೌಮ್ಯವಾದ ನದಿಯಲ್ಲಿ. ಅಲ್ಲಿ ಗೆದ್ದ ಯಂತ್ರ ಮಿಸಿಸಿಪಿಗೆ ಬಂದಾಗ ತನ್ನ ಭಾರದಿಂದಲೇ ತಿಣುಕಿತು. ಆ ಭಾರವನ್ನು ಇಳಿಸಿದವರು ಯಾರು, ಹಾಗೆ ಇಳಿಸಿದ್ದು ಕಡೆಗೆ ಯಾರ ತಲೆಯ ಮೇಲೆ ಬಿತ್ತು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಯಂತ್ರ ಅಷ್ಟೊಂದು ಭಾರವಾಗಿದ್ದುದಾದರೂ ಏಕೆ? ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ಯಂತ್ರಶಾಸ್ತ್ರದಲ್ಲಿ ಪಂಡಿತನಲ್ಲ. ಆದರೂ ಇದೇನೂ ಬಿಡಿಸಲಾಗದ ಒಗಟಲ್ಲ. ಜೇಮ್ಸ್ ವಾಟನ ಯಂತ್ರದಲ್ಲಿ ಕೆಲಸ ಮುಗಿಸಿದ ಉಗಿಯನ್ನು ಬೇರೊಂದು ಪಾತ್ರೆಗೆ ಬಿಟ್ಟು ತಣ್ಣೀರಿನಿಂದ ತಣಿಸುತ್ತಿದ್ದರು. ಉಗಿ ನೀರಾಗಿ ಕುಗ್ಗಿದೊಡನೆ ಪಿಸ್ಟನ್ನಿನ ಒಂದು ಬದಿಯಲ್ಲಿ ಶೂನ್ಯ ಉಂಟಾಗುವುದು. ಇನ್ನೊಂದು ಬದಿಯಿಂದ ಮೆಲ್ಲೊತ್ತಡದ ಉಗಿ ಅದನ್ನು ಆ ಶೂನ್ಯದ ಕಡೆಗೆ ದೂಡುವುದು. ಹೀಗೆ ದೊರೆಯುವ ಬಲ ಚದರ ಅಂಗುಲಕ್ಕೆ 15 ಪೌಂಡಿನ ಆಸುಪಾಸು. ಇಷ್ಟು ಅಲ್ಪ ಒತ್ತಡದಿಂದ ಒಂದು ಹಡಗನ್ನು ನಡೆಸಬೇಕಾದರೆ ಸಿಲಿಂಡರು ಭಾರೀ ಗಾತ್ರದ್ದಾಗಲೇಬೇಕು. ಅದರ ಜೊತೆಗೆ ತಣಿಸುವ ಪಾತ್ರೆ, ಗಾಳಿ ಹೀರುವ ಪಂಪು, ತಣ್ಣೀರಿನ ಪಂಪು, ಇವೆಲ್ಲವನ್ನೂ ಹೊರುವ ಕಬ್ಬಿಣದ ಚೌಕಟ್ಟು. ಗಣಿಯ ಬಾಯಲ್ಲಿ ನೆಲೆಯೂರಿ ನೀರೆತ್ತುವ ಯಂತ್ರಕ್ಕೆ ಭಾರವೊಂದು ದೋಷವಲ್ಲ. ದೋಣಿಯ ಮಾತು ಬೇರೆ.

ಫುಲ್ಟನ್ ಮತ್ತು ಅವನ ಪಾಲುದಾರ ರಾಬರ್ಟ್ ಲಿವಿಂಗ್‌ಸ್ಟನ್ ಇಂಥದೇ ಯಂತ್ರವನ್ನು ಪಶ್ಚಿಮದ ನದಿಗಳಿಗೆ ತಂದರು. ‘ನ್ಯೂ ಆರ್ಲಿಯನ್ಸ್’ ಎಂಬ ದೋಣಿ 1811ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗಿನಿಂದ ಹೊರಟಿತು. ಅದನ್ನು ಕಟ್ಟಿಸಿದ ನಿಕೊಲಸ್ ರೂಸ್‌ವೆಲ್ಟ್ ತುಂಬು ಗರ್ಭಿಣಿಯಾಗಿದ್ದ ಹೆಂಡತಿ ಲಿಡಿಯಾಳನ್ನೂ ಕರೆದುಕೊಂಡೇ ಹೊರಟಿದ್ದ. ಲೂಯಿವಿಲ್ಲಿನ ಬಳಿ ಬಂಡೆಗಳ ಮೇಲೆ ನೀರು ಸಾಲದೆ, ಮಳೆಗಾಗಿ ವಾರಗಟ್ಟಲೆ ಕಾಯಬೇಕಾಯಿತು. ಮಗು ಹುಟ್ಟಿದ್ದೂ ಅಲ್ಲಿಯೇ. ಆಕಾಶದಲ್ಲಿ ಆ ವರ್ಷದ ಮಹಾ ಧೂಮಕೇತು. ಡಿಸೆಂಬರ್ 16ರಿಂದ ನ್ಯೂ ಮ್ಯಾಡ್ರಿಡ್ ಭೂಕಂಪಗಳ ಸರಣಿ ಮೊದಲಾಗಿ ದಡಗಳೇ ಕುಸಿದು ಬೀಳತೊಡಗಿದವು. ಇಷ್ಟನ್ನೂ ದಾಟಿ ದೋಣಿ 1812ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ನಗರವನ್ನು ಮುಟ್ಟಿತು. ಕಾವ್ಯಕ್ಕೆ ಇದಕ್ಕಿಂತ ಏನು ಬೇಕು? ಆದರೆ ವ್ಯಾಪಾರಿ ಕೇಳುವ ಪ್ರಶ್ನೆ ಬೇರೆ: ಈ ದೋಣಿ ಹಿಂದಕ್ಕೆ ಬರಬಲ್ಲುದೆ? ಅದು ಬರಲಿಲ್ಲ. ಕೆಳಗಿನ ನದಿಯಲ್ಲಿ ನ್ಯಾಚೆಸ್ಸಿನವರೆಗೆ ಓಡಾಡಿಕೊಂಡಿದ್ದು, 1814ರಲ್ಲಿ ಮುಳುಗಿಹೋಯಿತು.

ಪ್ರವಾಹದ ಜೊತೆಗೆ ಇಳಿಯುವುದಕ್ಕೆ ಯಂತ್ರವೇ ಬೇಡ, ತೆಪ್ಪವೊಂದು ಸಾಕು. ಎದುರು ಹತ್ತುವುದೇ ಕಷ್ಟ. ಮನುಷ್ಯರು ಗಳೆ ಒತ್ತಿ, ಹಗ್ಗ ಹಿಡಿದೆಳೆದು ದೋಣಿಯನ್ನು ಲೂಯಿವಿಲ್ಲಿಗೆ ಏರಿಸಲು ಮೂರು ನಾಲ್ಕು ತಿಂಗಳು ಬೇಕಾಗುತ್ತಿತ್ತು. ಅಲ್ಲಿಗೆ ಬೇಕಾದದ್ದು ಹೆಚ್ಚು ಬಲವುಳ್ಳ, ಕಡಿಮೆ ಭಾರದ ಯಂತ್ರ.

ಅದಕ್ಕೆ ಬೇಕಾದ ತತ್ತ್ವ ಆ ಹೊತ್ತಿಗಾಗಲೇ ಸಿದ್ಧವಾಗಿತ್ತು. ಇಂಗ್ಲೆಂಡಿನಲ್ಲಿ ರಿಚರ್ಡ್ ಟ್ರೆವಿಥಿಕ್, ಫಿಲಡೆಲ್ಫಿಯಾದಲ್ಲಿ ಆಲಿವರ್ ಇವಾನ್ಸ್ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ವಾಟನಿಗೆ ಎದುರು ಹೊರಟರು. ಶೂನ್ಯದ ಗೊಡವೆಯೇ ಬೇಡ. ಉಗಿಯನ್ನೇ ಬಲವಾಗಿ ಕೂಡಿಹಾಕಿ, ಅದರ ಒತ್ತಡದಿಂದಲೇ ಪಿಸ್ಟನ್ನನ್ನು ನೂಕಿಸಿ, ಕೆಲಸ ಮುಗಿದ ಉಗಿಯನ್ನು ಹೊರಗೆ ಊದಿಬಿಟ್ಟರಾಯಿತು. ಒತ್ತಡ ಐದಾರು ಮಡಿಯಾದರೆ ಅಷ್ಟೇ ಕೆಲಸಕ್ಕೆ ಸಿಲಿಂಡರು ಚಿಕ್ಕದಾದರೂ ಸಾಕು. ತಣಿಸುವ ಪಾತ್ರೆ, ಅದರ ಪಂಪುಗಳು ಬೇಕಿಲ್ಲ. ಸೌದೆ ಹೆಚ್ಚು ಸುಡುತ್ತದೆ ನಿಜ. ಆದರೆ ದಡದುದ್ದಕ್ಕೂ ಕಾಡೇ ಇತ್ತಲ್ಲ! ವಾಟ್ ಮಾತ್ರ ಇದನ್ನು ಕಡೆಯವರೆಗೂ ವಿರೋಧಿಸಿದ. ತನ್ನ ವ್ಯಾಪಾರದ ಹಿತವೂ ಅದರಲ್ಲಿತ್ತೆನ್ನಿ. ಆದರೂ ಅಪಾಯವನ್ನು ಅವನು ಸರಿಯಾಗಿಯೇ ಕಂಡಿದ್ದ: 1803ರಲ್ಲಿ ಗ್ರೀನಿಚ್ಚಿನಲ್ಲಿ ಟ್ರೆವಿಥಿಕ್ಕನ ಬಾಯ್ಲರೊಂದು ಸಿಡಿದು ಕೆಲಸಗಾರರು ಸತ್ತಿದ್ದರು. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನಲ್ಲಿರುವುದು ಸುಮಾರು 15 ಪೌಂಡಿನ ಒತ್ತಡ. ಮಿಸಿಸಿಪಿಯ ದೋಣಿಗಳಲ್ಲಿ ಮುಂದೆ ಅದು 100 ಪೌಂಡನ್ನೂ ಮೀರಿತು.

ಪೆನ್ಸಿಲ್ವೇನಿಯಾದ ಬ್ರೌನ್ಸ್‌ವಿಲ್ಲಿನಲ್ಲಿ ಡೇನಿಯಲ್ ಫ್ರೆಂಚ್ ಎಂಬುವನ ಹೆಚ್ಚೊತ್ತಡದ ಯಂತ್ರವುಳ್ಳ ‘ಎಂಟರ್‌ಪ್ರೈಸ್’ 1814ರಲ್ಲಿ ಸಿದ್ಧವಾಯಿತು. ಅದರ ಕಪ್ತಾನ ಹೆನ್ರಿ ಶ್ರೀವ್, ಯುದ್ಧದಲ್ಲಿದ್ದ ಜನರಲ್ ಜಾಕ್ಸನ್ನನಿಗೆ ಸಾಮಗ್ರಿಯನ್ನು ಒಯ್ದು ಕೊಟ್ಟು, 1815ರಲ್ಲಿ ನ್ಯೂ ಆರ್ಲಿಯನ್ಸಿನಿಂದ ಎದುರು ಹೊರಟು 25 ದಿನಗಳಲ್ಲಿ ಲೂಯಿವಿಲ್ ಸೇರಿದ. ನೆರೆ ಬಂದಿತ್ತು, ಮುಳುಗಿದ ಹೊಲಗಳ ಮೇಲೆ ಹಾದು ಬಂದಿರಬೇಕು ಎಂದು ಸಂಶಯಪಟ್ಟವರಿದ್ದರು. ‘ವಾಷಿಂಗ್ಟನ್’ ಎಂಬ ತನ್ನ ಸ್ವಂತ ದೋಣಿಯಲ್ಲಿ 1817ರಲ್ಲಿ ಲೂಯಿವಿಲ್ಲಿನಿಂದ ಹೋಗಿ ಒಂದೂವರೆ ತಿಂಗಳೊಳಗೆ ಹಿಂದಿರುಗಿ, ಶ್ರೀವ್ ಅವರ ಬಾಯಿ ಮುಚ್ಚಿಸಿದ. ಚಪ್ಪಟೆ ತಳದಿಂದ ಹಿಡಿದು ಎಲ್ಲವೂ ಅವನೊಬ್ಬನ ಸೃಷ್ಟಿ ಎನ್ನುವ ಅಮೆರಿಕನ್ನರ ಸ್ಥಳಪುರಾಣವನ್ನು ನಾನು ಒಪ್ಪಲಾರೆ. ಈ ದೋಣಿಗಳನ್ನು ಕುರಿತು 1949ರಲ್ಲಿ ಬೃಹದ್ಗ್ರಂಥ ಬರೆದ ಲೂಯಿ ಹಂಟರನೂ ಒಪ್ಪಿಲ್ಲ; ಹೆಸರಿಲ್ಲದ ಅನೇಕ ಕಮ್ಮಾರರ, ಬಡಗಿಗಳ ಕೈ ಅದರಲ್ಲಿದೆ. ಹಗುರವಾದ ಯಂತ್ರ ಸರಳವೂ ಆಗಿದ್ದುದರಿಂದ ನದೀತೀರದ ಸಣ್ಣ ಕಾರ್ಖಾನೆಗಳೇ ಅದನ್ನು ಎರಕ ಹೊಯ್ಯಬಲ್ಲವಾಗಿದ್ದವು. ಫುಲ್ಟನ್ನನ ಕಂಪನಿ ಪಡೆದಿದ್ದ ಏಕಸ್ವಾಮ್ಯವೂ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 1853ರ ಹೊತ್ತಿಗೆ ಆ 25 ದಿನಗಳ ದಾರಿ ನಾಲ್ಕೂವರೆ ದಿನಗಳಿಗೆ ಇಳಿದಿತ್ತು.

ಇನ್ನು ಬೆಲೆಯ ಮಾತು. ಅದೇ ‘ವಾಷಿಂಗ್ಟನ್’ 1816ರಲ್ಲಿ, ತನ್ನ ಮೊದಲ ಯಾನದಲ್ಲಿಯೇ, ಮರಿಯೆಟ್ಟಾ ಊರಿನ ಬಳಿ ಬಾಯ್ಲರು ಸಿಡಿದು ಹಲವರನ್ನು ಬಲಿತೆಗೆದುಕೊಂಡಿತ್ತು. ಕಪ್ತಾನನೂ ಗಾಯಗೊಂಡ. ದೋಣಿಯನ್ನು ದುರಸ್ತಿ ಮಾಡಿಸಿ ಮತ್ತೆ ನಡೆಸಿದರು. ಈ ನದಿಗಳ ನೀರು ಕೆಸರು; ಆ ಕೆಸರು ಬಾಯ್ಲರಿನ ತಳದಲ್ಲಿ ಗಟ್ಟಿಯಾಗಿ ಕಬ್ಬಿಣ ಕಾದು ಸೋಲುತ್ತಿತ್ತು. ಇನ್ನೊಂದು ಸೂಕ್ಷ್ಮವೂ ಉಂಟು. ಬಾಯ್ಲರಿಗೆ ನೀರು ತುಂಬುವ ಪಂಪನ್ನು ನಡೆಸುತ್ತಿದ್ದುದು ಮುಖ್ಯ ಯಂತ್ರವೇ. ದೋಣಿ ದಡಕ್ಕೆ ನಿಂತರೆ ಪಂಪೂ ನಿಂತಿತು. ಕೆಳಗಿನ ಬೆಂಕಿ ಮಾತ್ರ ಉರಿಯುತ್ತಲೇ ಇರುವುದು. ಆದ್ದರಿಂದ ಅನೇಕ ದೋಣಿಗಳು ಸಿಡಿದದ್ದು ದಡ ಬಿಟ್ಟು ಹೊರಟ ಕ್ಷಣದಲ್ಲಿ. 1838ರ ಏಪ್ರಿಲ್ 25ರಂದು ಸಿನ್ಸಿನಾಟಿಯಲ್ಲಿ ‘ಮೊಸೆಲ್’ ಹೀಗೆಯೇ ಸಿಡಿದು ಸುಮಾರು 160 ಜನ ಸತ್ತರು. ನೀರು ಒಡೆದು ಯಾವುದೋ ಅನಿಲವಾಗಿ ಸ್ಫೋಟಿಸುತ್ತದೆಂದು ಕೆಲವರು ವಾದಿಸುತ್ತಿದ್ದರು. ದೈವವನ್ನು ದೂರುವುದಕ್ಕೆ ಅದು ಇನ್ನೊಂದು ಹೆಸರು. ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್ ಸರ್ಕಾರದ ಹಣದಿಂದ ಪ್ರಯೋಗಗಳನ್ನು ನಡೆಸಿ, ಕಾರಣ ಬಾಯ್ಲರಿನಲ್ಲಿಯೂ ಅದನ್ನು ನೋಡಿಕೊಳ್ಳುವವರಲ್ಲಿಯೂ ಇದೆ ಎಂದು ತೋರಿಸಿತು.

1858ರ ಜೂನ್ 13ರಂದು ಮೆಂಫಿಸ್ಸಿನ ಕೆಳಗೆ ‘ಪೆನ್ಸಿಲ್ವೇನಿಯಾ’ ಸಿಡಿಯಿತು. ಅದರಲ್ಲಿದ್ದ 19 ವರ್ಷದ ಕಿರಿಯ ಗುಮಾಸ್ತೆ ಹೆನ್ರಿ ಕ್ಲೆಮೆನ್ಸ್ ಎಂಟು ದಿನ ನರಳಿ ಸತ್ತ. ಅವನ ಅಣ್ಣ ಸ್ಯಾಮ್ಯುಯೆಲ್, ನಾವು ಮಾರ್ಕ್ ಟ್ವೇನ್ ಎಂದು ಓದುವ ಲೇಖಕ, ಅದೇ ದೋಣಿಯಲ್ಲಿ ನಾವಿಕವಿದ್ಯೆ ಕಲಿಯುತ್ತಿದ್ದವನು, ತಮ್ಮನ ಮೇಲೆ ಕೈಮಾಡಿದ ನಾವಿಕನನ್ನು ಹೊಡೆದು ಜಗಳವಾಗಿ ಆ ಯಾನಕ್ಕೆ ಮುಂಚೆ ದೋಣಿ ಬಿಟ್ಟಿದ್ದ. ‘ಲೈಫ್ ಆನ್ ದಿ ಮಿಸಿಸಿಪಿ’ಯಲ್ಲಿ ಅವನು ಇದನ್ನು ಬರೆದಿರುವ ರೀತಿಯನ್ನು ಕಂಡು ನಾನು ಬೆರಗಾಗಿದ್ದೇನೆ; ಆ ಹಾಸ್ಯಗಾರ ಇಲ್ಲಿ ದನಿ ಏರಿಸುವುದೇ ಇಲ್ಲ.

1852ರ ಕಾಯಿದೆ ಆಗಲೇ ಜಾರಿಯಲ್ಲಿತ್ತು. ಬಾಯ್ಲರಿನ ಪರೀಕ್ಷೆ, ಇನ್ಸ್‌ಪೆಕ್ಟರುಗಳು, ಎಂಜಿನಿಯರಿಗೂ ನಾವಿಕನಿಗೂ ಪರವಾನಗಿ ಎಲ್ಲವೂ ಅದರಲ್ಲಿತ್ತು. 1859ರಲ್ಲಿ ಟ್ವೇನ್ ಪಡೆದದ್ದು ಅಂಥದೇ ಪರವಾನಗಿ. ಆದರೆ ಸರಕು ಮಾತ್ರ ಸಾಗಿಸುವ ದೋಣಿಗಳನ್ನು ಕಾಯಿದೆ ಹೊರಗಿಟ್ಟಿತ್ತು. ಅಲ್ಲಿ ಸಾಯುವವರು ದುಡಿಯುವವರು ಮಾತ್ರ ತಾನೆ! 1865ರ ಏಪ್ರಿಲ್ 27ರಂದು, 376 ಜನರಿಗೆ ಅನುಮತಿಯಿದ್ದ ‘ಸುಲ್ತಾನಾ’ದಲ್ಲಿ, ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಹೊರಟ ಸೈನಿಕರೂ ಸೇರಿ 2,000ಕ್ಕೂ ಹೆಚ್ಚು ಜನರಿದ್ದರು. ಬಾಯ್ಲರಿಗೆ ಅವಸರದಲ್ಲಿ ತೇಪೆ ಹಾಕಿದ್ದರು. ಸತ್ತವರು ಸಾವಿರಕ್ಕೂ ಹೆಚ್ಚು; ಶಿಕ್ಷೆ ಅನುಭವಿಸಿದವರು ಯಾರೂ ಇಲ್ಲ.

ಬಾಯ್ಲರುಗಳಿದ್ದುದು ಕೆಳ ಅಟ್ಟದಲ್ಲಿ. ಅತಿ ಕಡಿಮೆ ದರ ಕೊಟ್ಟವರು ಮಲಗುತ್ತಿದ್ದುದು ಅಲ್ಲಿಯೇ, ಸರಕಿನ ಸಂದಿಯಲ್ಲಿ. ಒಲೆಗೆ ಸೌದೆ ಒಡ್ಡುತ್ತಿದ್ದವರು ಬಡ ವಲಸಿಗರು, ದಕ್ಷಿಣದ ದೋಣಿಗಳಲ್ಲಿ ಕರಿಯ ಗುಲಾಮರು. ಟ್ವೇನನ ‘ಹಕಲ್‌ಬರಿ ಫಿನ್’ ಕಾದಂಬರಿಯಲ್ಲಿ, ದೋಣಿಯ ಸಿಲಿಂಡರು ಸಿಡಿಯಿತೆಂದು ಹಕ್ ಒಂದು ಸುಳ್ಳು ಕಥೆ ಕಟ್ಟುತ್ತಾನೆ. ಯಾರಿಗಾದರೂ ಪೆಟ್ಟಾಯಿತೇ ಎಂದು ವಿಚಾರಿಸುವಾಕೆ ಮರುಕವುಳ್ಳ ಗೃಹಿಣಿ. ಯಾರಿಗೂ ಇಲ್ಲವೆಂದು ಹೇಳಿ ಹುಡುಗ ಒಬ್ಬ ಕರಿಯನ ಸಾವನ್ನು ಸೇರಿಸುತ್ತಾನೆ. ಆಕೆ ಸಮಾಧಾನಗೊಂಡು ಬೇರೆ ಮಾತಿಗೆ ಹೊರಳುತ್ತಾಳೆ.