ಬ್ಯಾಟರಿ ಸಹಿತ ಸೌರ ವಿದ್ಯುತ್: ಚಾರ್ಜ್ ಕಂಟ್ರೋಲರ್ ಮತ್ತು ಇನ್ವರ್ಟರ್ ಆಯ್ಕೆ

ಸೌರಫಲಕ ಕೊಳ್ಳುವಾಗ ನಾವು ನಾಲ್ಕಾರು ಅಂಗಡಿಗಳಲ್ಲಿ ವಿಚಾರಿಸುತ್ತೇವೆ. ಫಲಕಕ್ಕೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರನ್ನು ಮಾತ್ರ ಅಂಗಡಿಯವರು ಕೊಟ್ಟಂತೆಯೇ ತಂದು ಗೋಡೆಗೆ ತೂಗುಹಾಕುತ್ತೇವೆ. ಈ ಉದಾಸೀನದ ಬೆಲೆಯನ್ನು ತೆರುವುದು ಬ್ಯಾಟರಿ. ಇಡೀ ವ್ಯವಸ್ಥೆಯಲ್ಲಿ ಬೇಗ ಸವೆಯುವ ದುಬಾರಿ ಅಂಗವೂ ಅದೇ. ಗಡಿನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ. ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ, ಅಳವಡಿಸಲು ಬಂದವರ ಮಾತು ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಆಗಿರುತ್ತದೆ. ಆದರೆ ಫಲಕದ ಬೆನ್ನಿಗೆ ಅಂಟಿಸಿದ ಚೀಟಿಯ ಅಂಕಿಗಳಿಗೆ ಭಾಷೆಯ ಹಂಗಿಲ್ಲ. ಅವನ್ನು ಓದುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಒಂದು ಸ್ಪಷ್ಟನೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಪಡೆದು ಜಾಲಕ್ಕೆ ಜೋಡಿಸಿದ, ಬ್ಯಾಟರಿಯಿಲ್ಲದ ಫಲಕಗಳು ಕರೆಂಟು ಹೋದೊಡನೆ ತಾವೂ ನಿಲ್ಲುತ್ತವೆ. ಅದು ದೋಷವಲ್ಲ, ತಂತಿ ದುರಸ್ತಿಗೆ ಕಂಬವೇರಿದವರ ಪ್ರಾಣರಕ್ಷಣೆಗಾಗಿ ಮಾಡಿದ ಏರ್ಪಾಡು. ಕತ್ತಲಲ್ಲಿ ಬೆಳಕು ಬೇಕೆನ್ನುವವರಿಗೆ ಬ್ಯಾಟರಿ ಬೇಕು, ಈ ಲೇಖನವೂ ಅಂಥವರಿಗಾಗಿಯೇ.

ಕಂಟ್ರೋಲರುಗಳಲ್ಲಿ ಎರಡು ಜಾತಿ: ಪಿಡಬ್ಲ್ಯುಎಂ ಮತ್ತು ಎಂಪಿಪಿಟಿ. ಪಿಡಬ್ಲ್ಯುಎಂ ಅಗ್ಗದ್ದು. ಅದು ಫಲಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ ಬಿಡಿಸುತ್ತಿರುತ್ತದೆಯಾದ್ದರಿಂದ ಫಲಕದ ವೋಲ್ಟೇಜು ಬ್ಯಾಟರಿಯ ಮಟ್ಟಕ್ಕೆ ಇಳಿಯುತ್ತದೆ. ಒಂದು ಉದಾಹರಣೆ ನೋಡೋಣ. ದೊಡ್ಡ ಫಲಕವೊಂದು 335 ವಾಟಿನದು ಎನ್ನಿ. ಅದು 38 ವೋಲ್ಟಿನಲ್ಲಿ 8.8 ಆಂಪಿಯರ್ ಕೊಡುತ್ತದೆ. ಇದನ್ನು ಪಿಡಬ್ಲ್ಯುಎಂ ಮೂಲಕ 12 ವೋಲ್ಟಿನ ಬ್ಯಾಟರಿಗೆ ಕೊಟ್ಟರೆ 13 ವೋಲ್ಟಿನಲ್ಲಿ ಅದೇ 8.8 ಆಂಪಿಯರ್, ಅಂದರೆ ಸುಮಾರು 114 ವಾಟ್ ಮಾತ್ರ ಸೇರುತ್ತದೆ. ದುಡ್ಡು ಕೊಟ್ಟು ಕೊಂಡದ್ದರಲ್ಲಿ ಮೂರನೆಯ ಎರಡು ಪಾಲು ಮಾಡಿನ ಮೇಲೆಯೇ ಉಳಿಯಿತು! ಎಂಪಿಪಿಟಿಯಾದರೋ ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಆಂಪಿಯರಾಗಿ ಪರಿವರ್ತಿಸಿ ಸುಮಾರು 24 ಆಂಪಿಯರ್ ಕೊಡುತ್ತದೆ. 36 ಕೋಶಗಳ, 18 ವೋಲ್ಟಿನ ಆಸುಪಾಸಿನ ಸಣ್ಣ ಫಲಕವೊಂದಕ್ಕೆ ಪಿಡಬ್ಲ್ಯುಎಂ ಧಾರಾಳವಾಗಿ ಸಾಕು. ದೊಡ್ಡ ಫಲಕಕ್ಕೆ ಅದನ್ನು ಜೋಡಿಸಿಕೊಡುವವರ ಮಾತಿಗೆ ಒಪ್ಪಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಚೀಟಿಯಲ್ಲಿ ‘ವಿಒಸಿ’ ಎಂಬ ಅಂಕಿಯಿರುತ್ತದೆ. ಹೊರೆಯಿಲ್ಲದಾಗ ಫಲಕ ತೋರುವ ಗರಿಷ್ಠ ವೋಲ್ಟೇಜು ಅದು. ಮೇಲಿನ ಫಲಕಕ್ಕೆ ಸುಮಾರು 46 ಎನ್ನೋಣ. ಎರಡನ್ನು ಸರಣಿಯಾಗಿ ಜೋಡಿಸಿದರೆ 92. ಕಂಟ್ರೋಲರಿನ ಮಿತಿ 100 ಎಂದಿದ್ದರೆ ಸರಿಹೋಯಿತೆನಿಸುತ್ತದೆ. ಆದರೆ ಈ ಅಂಕಿ 25 ಡಿಗ್ರಿ ಸೆಲ್ಸಿಯಸಿನದು. ಉಷ್ಣತೆ ಒಂದು ಡಿಗ್ರಿ ಇಳಿದರೆ ವೋಲ್ಟೇಜು ಶೇಕಡಾ 0.3ರಷ್ಟು ಏರುತ್ತದೆ. ಜನವರಿಯಲ್ಲಿ ಹಿಮ ಬೀಳುವ ಉದಕಮಂಡಲದ ಕಡೆ ಬೆಳಗಿನ ಉಷ್ಣತೆ ಸೊನ್ನೆಯ ಹತ್ತಿರಕ್ಕೆ ಬಂದಾಗ ಆ 92 ಸುಮಾರು 99ನ್ನು ಮುಟ್ಟುತ್ತದೆ. ಮಿತಿ ಮೀರಿದರೆ ಕಂಟ್ರೋಲರು ಸುಡುತ್ತದೆ, ಅದಕ್ಕೆ ಸಾಮಾನ್ಯವಾಗಿ ವಾರಂಟಿಯೂ ಅನ್ವಯಿಸದು. ನೀಲಗಿರಿಯವರು 150 ವೋಲ್ಟಿನದನ್ನೇ ಕೊಳ್ಳಲಿ.

ಕಂಟ್ರೋಲರಿನ ಆಂಪಿಯರ್ ತಿಳಿಯಲು ಫಲಕಗಳ ಒಟ್ಟು ವಾಟನ್ನು ಬ್ಯಾಟರಿಯ ವೋಲ್ಟಿನಿಂದ ಭಾಗಿಸಬೇಕು. 670 ವಾಟಿಗೆ 24 ವೋಲ್ಟಿನ ಬ್ಯಾಟರಿಯಾದರೆ 28, 12 ವೋಲ್ಟಿನದಾದರೆ 56. ಮೊದಲನೆಯದಕ್ಕೆ 30 ಆಂಪಿಯರಿನ ಕಂಟ್ರೋಲರು ಸಾಕು, ಎರಡನೆಯದಕ್ಕೆ 60 ಬೇಕು.

ಬ್ಯಾಟರಿಯ ಬಗೆಯನ್ನು ಕಂಟ್ರೋಲರಿಗೆ ತಿಳಿಸುವುದು ಎಲ್ಲರೂ ಮರೆಯುವ ಕೆಲಸ. 12 ವೋಲ್ಟಿನ ಟ್ಯೂಬುಲರ್ ಬ್ಯಾಟರಿಗೆ ಸಾಮಾನ್ಯವಾಗಿ 14.4 ವೋಲ್ಟಿನವರೆಗೆ ತುಂಬಿಸಿ, ಬಳಿಕ 13.6ರ ಆಸುಪಾಸಿನಲ್ಲಿ ಕಾಯ್ದುಕೊಳ್ಳಬೇಕು. ಆಗಾಗ ಡಿಸ್ಟಿಲ್ಡ್ ವಾಟರ್ ತುಂಬಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈಕ್ವಲೈಸೇಷನ್ ಎಂಬ ಹೆಚ್ಚುವರಿ ಚಾರ್ಜನ್ನು ಕಡ್ಡಾಯವಾಗಿ ನಿಲ್ಲಿಸಬೇಕು. ಹಳೆಯ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸಿದವರು ಈ ಹೊಂದಿಕೆಯನ್ನು ಬದಲಿಸಿದ್ದಾರೋ ಎಂದು ಕೇಳಿಯೇ ಹಣ ಕೊಡಬೇಕು. ಸೊಲ್ಲಾಪುರ, ಜತ್ತದ ಬೇಸಿಗೆಯಲ್ಲಿ ಬಿಸಿಲು ಬೀಳುವ ತಗಡಿನ ಕೋಣೆಯಲ್ಲಿ ಬ್ಯಾಟರಿಯಿಡುವುದೂ ತಪ್ಪೇ: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಸೀಸದ ಬ್ಯಾಟರಿಯ ಆಯುಸ್ಸು ಅರ್ಧವಾಗುತ್ತದೆಂಬುದು ರೂಢಿಯ ಲೆಕ್ಕ.

ಇನ್ನು ಇನ್ವರ್ಟರ್. ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ. 150 ಆಂಪಿಯರ್-ಅವರಿನ 12 ವೋಲ್ಟ್ ಬ್ಯಾಟರಿಯಲ್ಲಿರುವುದು 1800 ವಾಟ್-ಅವರ್. ಸೀಸದ ಬ್ಯಾಟರಿಯಾದ್ದರಿಂದ ಬಾಳಿಕೆಯ ದೃಷ್ಟಿಯಿಂದ ಅರ್ಧ, ಅಂದರೆ 900 ಮಾತ್ರ ಬಳಸತಕ್ಕದ್ದು. ಎರಡು ಫ್ಯಾನು, ನಾಲ್ಕು ಎಲ್‌ಇಡಿ ದೀಪ, ಒಂದು ಟಿ.ವಿ. ಸೇರಿ 250 ವಾಟಾದರೆ, ಇನ್ವರ್ಟರಿನ ನಷ್ಟ ಕಳೆದು ಮೂರು ಗಂಟೆ ನಡೆದೀತು. ಇನ್ವರ್ಟರು ಏನನ್ನೂ ನಡೆಸದೆ ಸುಮ್ಮನೆ ಚಾಲೂ ಇದ್ದಾಗಲೂ ವಿದ್ಯುತ್ತನ್ನು ತಿನ್ನುತ್ತದೆ. ಆ ತಿನ್ನುವಿಕೆ 15 ವಾಟಾದರೆ ದಿನಕ್ಕೆ 360 ವಾಟ್-ಅವರ್. ಕಾಸರಗೋಡಿನ ಆಷಾಢದ ಮಳೆಯಲ್ಲಿ ಒಂದು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕಷ್ಟೇ ದೊರೆತ ದಿನ ನಮ್ಮ 335 ವಾಟಿನ ಫಲಕ ಗಳಿಸಿದ್ದೆಲ್ಲ ಅದಕ್ಕೇ ಆಹುತಿ. ಮಿಕ್ಸಿ, ಫ್ರಿಜ್ ನಡೆಯಲೇಬೇಕಾದ ಮನೆಗೆ ದೊಡ್ಡದು ಬೇಕು ನಿಜ, ಏಕೆಂದರೆ ಫ್ರಿಜ್ ಹೊರಡುವ ಕ್ಷಣಕ್ಕೆ ತನ್ನ ವಾಟಿನ ಹಲವು ಪಟ್ಟು ಎಳೆಯುತ್ತದೆ. ದೀಪ, ಫ್ಯಾನಿಗಷ್ಟೇ ಆದರೆ ಚಿಕ್ಕದು ಲೇಸು. ಎರಡರಲ್ಲೂ ಶುದ್ಧ ಸೈನ್ ವೇವಿನದನ್ನೇ ಕೇಳಿ. ಸ್ಕ್ವೇರ್ ವೇವಿನಲ್ಲಿ ಫ್ಯಾನು ಗುಂಯ್‌ಗುಡುತ್ತದೆ, ಮೋಟಾರು ಬಿಸಿಯಾಗುತ್ತದೆ. ತೋಟದ ಪಂಪನ್ನು ಈ ಲೆಕ್ಕಕ್ಕೆ ತರಬೇಡಿ. ಬ್ಯಾಟರಿಯಿಲ್ಲದೆ ಫಲಕದಿಂದಲೇ ನಡೆಯುವ ಬೇರೆ ಕಂಟ್ರೋಲರು ಅದಕ್ಕಿದೆ.

ಇನ್ವರ್ಟರನ್ನು ಕಂಟ್ರೋಲರಿನ ‘ಲೋಡ್’ ತುದಿಗೆ ಜೋಡಿಸದೆ, ಬ್ಯಾಟರಿಗೇ ದಪ್ಪ ತಂತಿಯಿಂದ, ಹತ್ತಿರದಲ್ಲೇ ಫ್ಯೂಸಿಟ್ಟು ಜೋಡಿಸಬೇಕು. 12 ವೋಲ್ಟಿನಿಂದ 800 ವಾಟ್ ಎಳೆದರೆ ಆ ತಂತಿಯಲ್ಲಿ 70 ಆಂಪಿಯರಿಗೂ ಮೀರಿ ಹರಿಯುತ್ತದೆ. ಕಂಟ್ರೋಲರಿಗೆ ಮೊದಲು ಬ್ಯಾಟರಿಯನ್ನೂ ಆಮೇಲೆ ಫಲಕವನ್ನೂ ಜೋಡಿಸುವುದು ಕ್ರಮ. ಬಿಚ್ಚುವಾಗ ಇದೇ ಕ್ರಮ ತಿರುಗುಮುರುಗು.