ಉದ್ಯೋಗಕ್ಕಾಗಿ ಕುಟುಂಬ ಸಮೇತ ವಿದೇಶಕ್ಕೆ ತೆರಳುವವರು ನೆಲೆಸುವ ಸ್ಥಳವನ್ನು ಆಯ್ಕೆ ಮಾಡಿಕೊಳ್ಳುವ ಕುರಿತು ಮಾಹಿತಿ
(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಸಾರ್ವಜನಿಕರಿಗಾಗಿ)

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿ ಭಾಗದ, ಕೃಷಿ ಪ್ರಧಾನವಾದ ತಾಲ್ಲೂಕುಗಳಾಗಿರುತ್ತವೆ. ಕಬ್ಬು ಮತ್ತು ತಂಬಾಕು ಬೆಳೆಯುವ ಕುಟುಂಬಗಳ ವಿದ್ಯಾವಂತ ಮಕ್ಕಳು, ತಾಂತ್ರಿಕ ಪದವೀಧರರು, ದಾದಿಯರು, ಚಾಲಕರು ಹಾಗೂ ಕಟ್ಟಡ ಕುಶಲಕರ್ಮಿಗಳು ಉದ್ಯೋಗವನ್ನರಸಿ ವಿದೇಶಕ್ಕೆ ತೆರಳುವುದುಂಟು. ಒಬ್ಬರೇ ತೆರಳುವಾಗ ವೇತನವೊಂದನ್ನೇ ನೋಡಿ ನಿರ್ಧಾರ ಕೈಗೊಳ್ಳಬಹುದು. ಪತ್ನಿ ಅಥವಾ ಪತಿ ಮತ್ತು ಮಕ್ಕಳನ್ನು ಕರೆದೊಯ್ಯುವಾಗ ಅದು ಸಾಲದು. ಯಾವ ದೇಶ, ಯಾವ ನಗರ, ನಗರದ ಯಾವ ಭಾಗ ಎಂಬ ಮೂರೂ ಪ್ರಶ್ನೆಗಳಿಗೆ ಉದ್ಯೋಗ ಒಪ್ಪಂದಕ್ಕೆ ಸಹಿ ಮಾಡುವ ಮೊದಲೇ ಉತ್ತರ ಕಂಡುಕೊಳ್ಳುವುದು ಅವಶ್ಯ. ಈ ಬಗ್ಗೆ ಪರಿಶೀಲಿಸಬೇಕಾದ ಅಂಶಗಳನ್ನು ಮುಂದೆ ವಿವರಿಸಲಾಗಿದೆ.

2. ಮೊದಲ ಪ್ರಶ್ನೆ: ಕುಟುಂಬಕ್ಕೆ ವೀಸಾ ದೊರೆಯುವುದೇ?

ಉದ್ಯೋಗಿಗೆ ವೀಸಾ ದೊರೆತ ಮಾತ್ರಕ್ಕೆ ಕುಟುಂಬಕ್ಕೂ ದೊರೆಯುತ್ತದೆಂದು ಭಾವಿಸತಕ್ಕದ್ದಲ್ಲ. ಈ ವಿಷಯದಲ್ಲಿ ದೇಶದಿಂದ ದೇಶಕ್ಕೆ ನಿಯಮಗಳು ಭಿನ್ನವಾಗಿರುತ್ತವೆ.

(ಅ) ಸಂಯುಕ್ತ ಅರಬ್ ಸಂಸ್ಥಾನ: ಉದ್ಯೋಗಿಯ ಮಾಸಿಕ ವೇತನ ಕನಿಷ್ಠ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಮತ್ತು ವಸತಿ ಸೌಲಭ್ಯ ಇದ್ದಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ಅವಕಾಶವಿದೆ. ಇದು ವೀಸಾ ಪಡೆಯಲು ಬೇಕಾದ ಕನಿಷ್ಠ ಮಿತಿಯೇ ಹೊರತು ಸಂಸಾರ ನಡೆಸಲು ಸಾಕಾಗುವ ಮೊತ್ತವಲ್ಲ.

(ಆ) ಕುವೈತ್: 2024ರ ಜನವರಿಯಿಂದ ಕುಟುಂಬ ವೀಸಾಕ್ಕೆ ಸಾಮಾನ್ಯವಾಗಿ 800 ದಿನಾರ್ ಮಾಸಿಕ ವೇತನವನ್ನು ನಿಗದಿಪಡಿಸಲಾಯಿತು.

(ಇ) ಸೌದಿ ಅರೇಬಿಯಾ: 2017ರ ಜುಲೈನಿಂದ ಪ್ರತಿ ಅವಲಂಬಿತರಿಗೆ ಮಾಸಿಕ 100 ರಿಯಾಲ್ ಶುಲ್ಕ ಜಾರಿಗೆ ಬಂದಿದ್ದು, ಪ್ರತಿ ವರ್ಷ ಹೆಚ್ಚಳಗೊಂಡು 2020ರಲ್ಲಿ 400 ರಿಯಾಲ್ ತಲುಪಿತು. ಈ ದರದಲ್ಲಿ ಪತ್ನಿ ಮತ್ತು ಇಬ್ಬರು ಮಕ್ಕಳಿಗೆ ವರ್ಷಕ್ಕೆ 14,400 ರಿಯಾಲ್ ಪಾವತಿಸಬೇಕಾಗುತ್ತದೆ. ಒಪ್ಪಂದದಲ್ಲಿ ಈ ಶುಲ್ಕವನ್ನು ಯಾರು ಭರಿಸುವರೆಂಬುದು ಸ್ಪಷ್ಟವಾಗಿರಬೇಕು.

(ಈ) ಬ್ರಿಟನ್: 2024ರ ಮಾರ್ಚ್ 11ರಿಂದ ಹೊಸದಾಗಿ ತೆರಳುವ ಆರೈಕೆ ಸಹಾಯಕರು ಕುಟುಂಬವನ್ನು ಕರೆದೊಯ್ಯುವ ಅವಕಾಶವನ್ನು ರದ್ದುಪಡಿಸಲಾಯಿತು. 2025ರ ಜುಲೈ 22ರಿಂದ ಆ ಹುದ್ದೆಗಳಿಗೆ ವಿದೇಶದಿಂದ ಹೊಸ ನೇಮಕಾತಿಯನ್ನೇ ನಿಲ್ಲಿಸಲಾಗಿದೆ. ಆದ್ದರಿಂದ ಬ್ರಿಟನ್ನಿನಲ್ಲಿ ಆರೈಕೆ ಸಹಾಯಕರ ಕೆಲಸ ಕೊಡಿಸುವುದಾಗಿ ಹಣ ಕೇಳುವವರ ಬಗ್ಗೆ ಎಚ್ಚರಿಕೆ ವಹಿಸತಕ್ಕದ್ದು. ಇತರ ಕುಶಲ ಉದ್ಯೋಗಗಳಿಗೆ ತೆರಳುವವರು 2024ರ ಫೆಬ್ರವರಿಯಲ್ಲಿ ನಿಗದಿಯಾದ ದರದಂತೆ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್ ಆರೋಗ್ಯ ಶುಲ್ಕವನ್ನು ವೀಸಾ ಅವಧಿಯುದ್ದಕ್ಕೂ ಮುಂಗಡವಾಗಿ ಪಾವತಿಸಬೇಕು. ದಂಪತಿ ಮತ್ತು ಇಬ್ಬರು ಮಕ್ಕಳಿಗೆ 3 ವರ್ಷಗಳಿಗೆ ಇದು 10,866 ಪೌಂಡ್ ಆಗುತ್ತದೆ. ವೈದ್ಯರು, ದಾದಿಯರು ಮುಂತಾದ ಆರೋಗ್ಯ ಸೇವೆಯ ವೀಸಾ ಪಡೆದವರಿಗೆ ಈ ಶುಲ್ಕದಿಂದ ವಿನಾಯಿತಿ ಇದೆ.

3. ಎರಡನೆಯ ಪ್ರಶ್ನೆ: ಪತ್ನಿ ಅಥವಾ ಪತಿಗೆ ಕೆಲಸ ಮಾಡಲು ಅವಕಾಶವಿದೆಯೇ?

ಊರಿನಲ್ಲಿ ಶಿಕ್ಷಕಿಯಾಗಿಯೋ ಬ್ಯಾಂಕ್ ನೌಕರರಾಗಿಯೋ ದುಡಿಯುತ್ತಿರುವವರು ಹುದ್ದೆ ಬಿಟ್ಟು ಜೊತೆಗೆ ತೆರಳುವ ಮುನ್ನ ಇದನ್ನು ವಿಚಾರಿಸಬೇಕು. ಜರ್ಮನಿಯಲ್ಲಿ ನೀಲಿ ಕಾರ್ಡ್ ಹೊಂದಿದವರ ಪತ್ನಿ ಅಥವಾ ಪತಿಗೆ ಯಾವುದೇ ಕೆಲಸ ಮಾಡಲು ಅವಕಾಶವಿದೆ. ತೆರಳುವ ಮೊದಲು ಜರ್ಮನ್ ಭಾಷಾ ಪರೀಕ್ಷೆ ಉತ್ತೀರ್ಣರಾಗಬೇಕೆಂಬ ಷರತ್ತೂ ಇಲ್ಲ. ಆದರೆ ಅಲ್ಲಿನ ಸರ್ಕಾರಿ ಶಾಲೆಗಳ ಬೋಧನಾ ಮಾಧ್ಯಮ ಜರ್ಮನ್ ಆಗಿರುವುದರಿಂದ ಮಕ್ಕಳ ವಯಸ್ಸನ್ನು ಗಮನಿಸತಕ್ಕದ್ದು. ಅಮೆರಿಕದಲ್ಲಿ ಎಚ್-1ಬಿ ಉದ್ಯೋಗಿಯ ಪತ್ನಿ ಅಥವಾ ಪತಿಗೆ ನೀಡುವ ಎಚ್-4 ವೀಸಾದಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವಂತಿಲ್ಲ. ಉದ್ಯೋಗಿಯ ಕಾಯಂ ವಾಸದ ಪ್ರಕ್ರಿಯೆ ನಿಗದಿತ ಹಂತ ತಲುಪಿದ ನಂತರ ಮಾತ್ರ ಪ್ರತ್ಯೇಕ ಅನುಮತಿ ಪಡೆಯಲು 2015ರಿಂದ ಅವಕಾಶ ಕಲ್ಪಿಸಲಾಗಿದೆ. ಎರಡು ವೇತನಗಳಿಂದ ನಡೆಯುತ್ತಿದ್ದ ಮನೆ ಒಂದೇ ವೇತನಕ್ಕೆ ಇಳಿಯುವುದಾದಲ್ಲಿ ಆ ನಷ್ಟವನ್ನೂ ಲೆಕ್ಕಕ್ಕೆ ಸೇರಿಸತಕ್ಕದ್ದು.

4. ಮೂರನೆಯ ಪ್ರಶ್ನೆ: ತಾತ್ಕಾಲಿಕ ವಾಸವೇ, ಕಾಯಂ ನೆಲೆಯೇ?

ಕೊಲ್ಲಿ ರಾಷ್ಟ್ರಗಳಲ್ಲಿ ವಾಸದ ಅನುಮತಿ ಸಾಮಾನ್ಯವಾಗಿ ಉದ್ಯೋಗಕ್ಕೆ ಹೊಂದಿಕೊಂಡಿರುತ್ತದೆ. ಉದ್ಯೋಗ ಹೋದಲ್ಲಿ ಕುಟುಂಬವೂ ನಿಗದಿತ ಅವಧಿಯೊಳಗೆ ಹಿಂದಿರುಗಬೇಕಾಗುತ್ತದೆ. ಅಲ್ಲಿಗೆ ತೆರಳುವವರು ಹಿಂದಿರುಗುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಶಾಲೆ, ಉಳಿತಾಯ ಮತ್ತು ಊರಿನ ಮನೆಯ ವ್ಯವಸ್ಥೆ ಮಾಡಿಕೊಳ್ಳುವುದು ಸೂಕ್ತ.

ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ಕಾಯಂ ವಾಸಕ್ಕೆ ದಾರಿಯಿದ್ದರೂ, ನೆಲೆಸುವ ಪ್ರದೇಶದ ಮೇಲೆ ಷರತ್ತು ಇರಬಹುದು. ಆಸ್ಟ್ರೇಲಿಯಾದಲ್ಲಿ 2019ರ ನವೆಂಬರ್‌ನಲ್ಲಿ ಜಾರಿಗೆ ಬಂದ 491 ಸಂಖ್ಯೆಯ ವೀಸಾ ಇದಕ್ಕೆ ಉದಾಹರಣೆ. ಇದನ್ನು ಪಡೆದವರು ನಿಗದಿತ ಪ್ರಾದೇಶಿಕ ಭಾಗದಲ್ಲಿಯೇ ವಾಸಿಸಿ ದುಡಿಯಬೇಕು. 5 ವರ್ಷಗಳ ಈ ವೀಸಾದಲ್ಲಿ 3 ವರ್ಷ ಪೂರೈಸಿದ ನಂತರ ಷರತ್ತುಗಳಿಗೊಳಪಟ್ಟು ಕಾಯಂ ವಾಸಕ್ಕೆ ಅರ್ಜಿ ಸಲ್ಲಿಸಬಹುದು. ಸಿಡ್ನಿ, ಮೆಲ್ಬರ್ನ್ ಮತ್ತು ಬ್ರಿಸ್ಬೇನ್ ಮಹಾನಗರಗಳು ಈ ಭಾಗಕ್ಕೆ ಸೇರುವುದಿಲ್ಲ. ಪರ್ತ್ ಮತ್ತು ಅಡಿಲೇಡ್ ಸೇರುತ್ತವೆ. ಪರಿಚಿತರು ಸಿಡ್ನಿಯಲ್ಲಿದ್ದಾರೆಂಬ ಕಾರಣಕ್ಕೆ ಈ ವೀಸಾದಲ್ಲಿ ಅಲ್ಲಿಯೇ ಮನೆ ಮಾಡಿದಲ್ಲಿ ಕಾಯಂ ವಾಸದ ಅವಕಾಶವನ್ನೇ ಕಳೆದುಕೊಳ್ಳಬೇಕಾಗಬಹುದು.

5. ನಗರ ಮತ್ತು ಬಡಾವಣೆಯ ಆಯ್ಕೆ

(ಅ) ಬಾಡಿಗೆ ಮತ್ತು ಪ್ರಯಾಣ: ದುಬೈಯಲ್ಲಿ ಕೆಲಸ ಮಾಡುವ ಅನೇಕರು ಬಾಡಿಗೆ ಕಡಿಮೆ ಎಂಬ ಕಾರಣಕ್ಕೆ ಶಾರ್ಜಾದಲ್ಲಿ ವಾಸಿಸುತ್ತಾರೆ. ಇದರಿಂದ ಹಣ ಉಳಿಯುವುದಾದರೂ ವಾಹನ ದಟ್ಟಣೆಯಿಂದಾಗಿ ಬೆಳಿಗ್ಗೆ ಮತ್ತು ಸಂಜೆ ಹೆಚ್ಚಿನ ಸಮಯ ವ್ಯಯವಾಗುತ್ತದೆ. ಬಾಡಿಗೆಯ ಉಳಿತಾಯ, ಪ್ರಯಾಣ ವೆಚ್ಚ ಮತ್ತು ಮಕ್ಕಳೊಂದಿಗೆ ಕಳೆಯುವ ವೇಳೆ ಇವೆಲ್ಲವನ್ನೂ ಒಟ್ಟಿಗೆ ತೂಗಿ ನೋಡಬೇಕು. ದುಬೈಯಲ್ಲಿ ಬಾಡಿಗೆ ಕರಾರನ್ನು ಎಜಾರಿ ವ್ಯವಸ್ಥೆಯಲ್ಲಿ ನೋಂದಾಯಿಸುವುದು ಕಡ್ಡಾಯ.

(ಆ) ಶಾಲೆ: ಅಮೆರಿಕದಲ್ಲಿ ಮಗು ಸೇರುವ ಸರ್ಕಾರಿ ಶಾಲೆಯನ್ನು ಸಾಮಾನ್ಯವಾಗಿ ಮನೆಯ ವಿಳಾಸವೇ ನಿರ್ಧರಿಸುತ್ತದೆ. ಆದ್ದರಿಂದ ಮೊದಲು ಶಾಲೆಯನ್ನು, ನಂತರ ಮನೆಯನ್ನು ನೋಡತಕ್ಕದ್ದು. ಕೊಲ್ಲಿ ರಾಷ್ಟ್ರಗಳಲ್ಲಿ ಕೇಂದ್ರೀಯ ಪಠ್ಯಕ್ರಮದ ಭಾರತೀಯ ಶಾಲೆಗಳಿದ್ದು, ಅವುಗಳ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಶುಲ್ಕವನ್ನು ಪೋಷಕರೇ ಭರಿಸಬೇಕಾಗುತ್ತದೆ.

(ಇ) ಭಾಷೆ ಮತ್ತು ಸಮುದಾಯ: ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ರ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಕೆ ಕಡ್ಡಾಯ. ಹಿಂದಿರುಗುವ ಸಾಧ್ಯತೆ ಇರುವ ಕುಟುಂಬಗಳು ಮಕ್ಕಳಿಗೆ ಕನ್ನಡ ಓದುಬರಹ ತಪ್ಪದಂತೆ ನೋಡಿಕೊಳ್ಳುವುದು ಒಳಿತು. ದುಬೈಯಲ್ಲಿ ಕನ್ನಡ ಮಿತ್ರರು ಸಂಘಟನೆಯು 2014ರಿಂದ ಉಚಿತ ಕನ್ನಡ ಪಾಠಶಾಲೆ ನಡೆಸುತ್ತಿದೆ. ಬಹರೇನ್ ಕನ್ನಡ ಸಂಘ, ಕುವೈತ್ ಕನ್ನಡ ಕೂಟ ಮುಂತಾದ ಸಂಸ್ಥೆಗಳೂ ಇವೆ. ಹೊಸದಾಗಿ ಬರುವವರಿಗೆ ಯಾವ ಬಡಾವಣೆ ಕುಟುಂಬಕ್ಕೆ ಅನುಕೂಲ, ಯಾವ ಆಸ್ಪತ್ರೆ ಹತ್ತಿರ ಎಂಬ ಮಾಹಿತಿ ಇಂತಹ ಸಂಘಗಳಿಂದ ದೊರೆಯುತ್ತದೆ.

(ಈ) ಊರಿಗೆ ಬರುವ ದಾರಿ: ಬೆಳಗಾವಿ ಮತ್ತು ಕೊಲ್ಹಾಪುರ ವಿಮಾನ ನಿಲ್ದಾಣಗಳು ಸಮೀಪವಿದ್ದರೂ ಅಲ್ಲಿಂದ ದೇಶೀಯ ವಿಮಾನಗಳು ಮಾತ್ರ ಹಾರುತ್ತವೆ. ವಿದೇಶಕ್ಕೆ ಗೋವಾ, ಪುಣೆ, ಮುಂಬಯಿ ಅಥವಾ ಬೆಂಗಳೂರಿನ ಮೂಲಕ ತೆರಳಬೇಕು. ವೃದ್ಧ ತಂದೆ ತಾಯಿಗಳನ್ನು ಊರಿನಲ್ಲಿ ಬಿಟ್ಟು ಹೋಗುವವರು, ತುರ್ತು ಸಂದರ್ಭದಲ್ಲಿ ಮನೆ ತಲುಪಲು ಎಷ್ಟು ಸಮಯ ಮತ್ತು ಹಣ ಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು.

6. ಪಾಸ್‌ಪೋರ್ಟ್ ಮತ್ತು ವಲಸೆ ಅನುಮತಿ

36 ಪುಟಗಳ ಪಾಸ್‌ಪೋರ್ಟಿಗೆ ವಯಸ್ಕರ ಸಾಮಾನ್ಯ ಶುಲ್ಕ ರೂ. 1,500. ಅಪ್ರಾಪ್ತ ಮಕ್ಕಳ ಪಾಸ್‌ಪೋರ್ಟ್ 5 ವರ್ಷ ಅಥವಾ 18 ವರ್ಷ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಸಿಂಧುವಾಗಿರುತ್ತದೆ. 2023ರ ಅಕ್ಟೋಬರ್ 1ರಂದು ಅಥವಾ ನಂತರ ಜನಿಸಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಜನ್ಮ ದಿನಾಂಕದ ಪುರಾವೆಯಾಗಿರುತ್ತದೆ.

10ನೇ ತರಗತಿ ಉತ್ತೀರ್ಣರಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದಾಗಿರುತ್ತದೆ. ಇಂಥವರು ಕೊಲ್ಲಿ ರಾಷ್ಟ್ರಗಳು, ಮಲೇಷ್ಯಾ ಸೇರಿದಂತೆ ಅಧಿಸೂಚಿತ ದೇಶಗಳಿಗೆ ಉದ್ಯೋಗಕ್ಕೆ ತೆರಳಲು ವಲಸೆ ಕಾಯ್ದೆ, 1983ರನ್ವಯ ವಲಸೆ ಸಂರಕ್ಷಣಾಧಿಕಾರಿಗಳಿಂದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಪಡೆಯತಕ್ಕದ್ದು. ಪ್ರವಾಸಿ ವೀಸಾದಲ್ಲಿ ತೆರಳಿ ಅಲ್ಲಿ ಕೆಲಸ ಹುಡುಕಿಕೊಳ್ಳುವಂತೆ ಹೇಳುವವರ ಮಾತಿಗೆ ಒಳಗಾಗಬಾರದು. ಪರವಾನಗಿ ಪಡೆದ ನೇಮಕಾತಿ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ರೂ. 30,000 ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ರಸೀದಿ ಪಡೆಯುವುದು ಕಡ್ಡಾಯ. ಏಜೆಂಟರ ಪರವಾನಗಿಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬಹುದು. ಇಸಿಆರ್ ವರ್ಗದ ಉದ್ಯೋಗಿಗಳಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ ರೂ. 10 ಲಕ್ಷದ ವಿಮೆ ಕಡ್ಡಾಯವಾಗಿರುತ್ತದೆ.

7. ದಾಖಲೆಗಳ ದೃಢೀಕರಣ: ಗಡಿ ತಾಲ್ಲೂಕುಗಳ ಅರ್ಜಿದಾರರ ವಿಶೇಷ ಗಮನಕ್ಕೆ

ಈ ತಾಲ್ಲೂಕುಗಳ ಅನೇಕ ಕುಟುಂಬಗಳಲ್ಲಿ ಒಬ್ಬರ ದಾಖಲೆಗಳು ಕರ್ನಾಟಕದವು, ಮತ್ತೊಬ್ಬರವು ಮಹಾರಾಷ್ಟ್ರದವು ಆಗಿರುತ್ತವೆ. ಸಾಮಾನ್ಯವಾಗಿ ದಾಖಲೆಯನ್ನು ನೀಡಿದ ರಾಜ್ಯದಲ್ಲಿಯೇ ಮೊದಲ ಹಂತದ ದೃಢೀಕರಣ ಆಗಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ ಅಥವಾ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪದವಿಗಳಿಗೆ ಕರ್ನಾಟಕದಲ್ಲಿ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪದವಿಗಳಿಗೆ ಮಹಾರಾಷ್ಟ್ರದಲ್ಲಿ ದೃಢೀಕರಣ ಪಡೆದು, ನಂತರ ವಿದೇಶಾಂಗ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸತಕ್ಕದ್ದು. ಭಾರತದಲ್ಲಿ ಅಪೋಸ್ಟಿಲ್ ಪದ್ಧತಿ 2005ರಿಂದ ಜಾರಿಯಲ್ಲಿದೆ. ಆ ಒಡಂಬಡಿಕೆಗೆ ಸೇರದ ದೇಶಗಳಿಗೆ ತೆರಳುವವರು ಆಯಾ ರಾಯಭಾರ ಕಚೇರಿಯ ದೃಢೀಕರಣವನ್ನೂ ಪಡೆಯಬೇಕು.

ಹೆಸರಿನ ವ್ಯತ್ಯಾಸವು ವಿಳಂಬಕ್ಕೆ ಪ್ರಮುಖ ಕಾರಣವಾಗಿರುತ್ತದೆ. ಶಾಲಾ ದಾಖಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದ್ದು, ವಿವಾಹದ ನಂತರ ಮಹಿಳೆಯರ ಆಧಾರ್ ಕಾರ್ಡಿನಲ್ಲಿ ಪತಿಯ ಹೆಸರು ಮತ್ತು ಅಡ್ಡಹೆಸರು ಸೇರಿರುತ್ತದೆ. ಇದನ್ನು ಪಾಸ್‌ಪೋರ್ಟ್ ಅರ್ಜಿಗೆ ಮುನ್ನವೇ ಸರಿಪಡಿಸಿಕೊಳ್ಳತಕ್ಕದ್ದು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್‌ನಲ್ಲಿ ಪ್ರಕಟಿಸಿತು. ವಿವಾಹ ನೋಂದಣಿ ಮಾಡಿಸದ ದಂಪತಿಗಳು ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಮಕ್ಕಳ ವರ್ಗಾವಣೆ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕಾಗುವುದುಂಟು. ಶಾಲೆಗೆ ರಜೆ ಆರಂಭವಾಗುವ ಮೊದಲೇ ಪಡೆದಿಟ್ಟುಕೊಳ್ಳುವುದು.

8. ಊರಿನ ಜಮೀನು ಮತ್ತು ಮನೆ

ಅನಿವಾಸಿ ಭಾರತೀಯರಾದವರು ಈಗಾಗಲೇ ತಮ್ಮ ಹೆಸರಿನಲ್ಲಿರುವ ಅಥವಾ ವಾರಸಾ ಹಕ್ಕಿನಿಂದ ಬರುವ ಕೃಷಿ ಜಮೀನನ್ನು ಉಳಿಸಿಕೊಳ್ಳಬಹುದು. ಆದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, 1999ರ ನಿಯಮಗಳಂತೆ ಹೊಸದಾಗಿ ಕೃಷಿ ಜಮೀನು, ತೋಟ ಅಥವಾ ತೋಟದ ಮನೆಯನ್ನು ಖರೀದಿಸುವಂತಿಲ್ಲ. ದುಡಿದ ಹಣದಿಂದ ಪಕ್ಕದ ಹೊಲ ಕೊಳ್ಳುವ ಉದ್ದೇಶದಿಂದ ತೆರಳುವವರು ಈ ನಿರ್ಬಂಧವನ್ನು ಅರಿತಿರಬೇಕು.

ಕರ್ನಾಟಕ ಭೂಸುಧಾರಣಾ ಕಾಯ್ದೆ, 1961ರ ಕಲಂ 5ರ ಪ್ರಕಾರ, ಕಾಯ್ದೆಯಲ್ಲಿನ ವಿನಾಯಿತಿಗಳನ್ನು ಹೊರತುಪಡಿಸಿ, ಕೃಷಿ ಜಮೀನನ್ನು ಗೇಣಿಗೆ ನೀಡುವುದು ನಿಷಿದ್ಧ. ಬಾಯಿಮಾತಿನಲ್ಲಿ ಲಾವಣಿಗೆ ಕೊಟ್ಟು ತೆರಳಿದಲ್ಲಿ ಮುಂದೆ ವ್ಯಾಜ್ಯಕ್ಕೆ ಎಡೆಯಾಗುತ್ತದೆ. ಅವಿಭಕ್ತ ಕುಟುಂಬದ ಆಸ್ತಿ ಇದ್ದಲ್ಲಿ ವಾಟಣಿ, ವಾರಸಾ ಮತ್ತು ಉತಾರದಲ್ಲಿನ ಹೆಸರುಗಳನ್ನು ಹೊರಡುವ ಮೊದಲೇ ಸರಿಪಡಿಸಿಕೊಳ್ಳುವುದು ಉತ್ತಮ. ವಿದೇಶದಿಂದ ಅಧಿಕಾರ ಪತ್ರ ಕಳುಹಿಸುವ ಸಂದರ್ಭದಲ್ಲಿ ಅದನ್ನು ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಭಾರತ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಪಾವತಿಸತಕ್ಕದ್ದು. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯನ್ನಾಗಿ ಪರಿವರ್ತಿಸಬೇಕು. ಮತದಾನದ ಹಕ್ಕನ್ನು ಉಳಿಸಿಕೊಳ್ಳಲು ನಮೂನೆ 6ಎ ಸಲ್ಲಿಸಬಹುದು.

9. ಹಂತ ಹಂತವಾಗಿ ತೆರಳುವುದು

ಉದ್ಯೋಗಿಯು ಮೊದಲು ತೆರಳಿ, ಪರೀಕ್ಷಾರ್ಥ ಸೇವಾ ಅವಧಿ ಮುಗಿಸಿ, ವೇತನ ನಿಯಮಿತವಾಗಿ ಜಮೆಯಾಗುವುದನ್ನು ಖಚಿತಪಡಿಸಿಕೊಂಡ ನಂತರ ಕುಟುಂಬವನ್ನು ಕರೆಸಿಕೊಳ್ಳುವುದು ಸುರಕ್ಷಿತ. ಬಾಡಿಗೆ, ಶಾಲಾ ಶುಲ್ಕ, ಆರೋಗ್ಯ ವಿಮೆ, ಅವಲಂಬಿತರ ಶುಲ್ಕ, ವರ್ಷಕ್ಕೊಮ್ಮೆ ಊರಿಗೆ ಬರುವ ವೆಚ್ಚ ಮತ್ತು ಊರಿನ ಸಾಲದ ಕಂತು ಇವುಗಳನ್ನು ಕಳೆದು ಉಳಿಯುವ ಮೊತ್ತವನ್ನು, ಕುಟುಂಬ ಊರಿನಲ್ಲಿಯೇ ಇದ್ದಲ್ಲಿ ಉಳಿಯಬಹುದಾದ ಮೊತ್ತದೊಂದಿಗೆ ಹೋಲಿಸಿ ನೋಡುವುದು. ಉಳಿತಾಯ ಕಡಿಮೆಯಾದರೂ ಒಟ್ಟಿಗೆ ಇರುವುದೇ ಮುಖ್ಯವೆಂದು ಕುಟುಂಬ ನಿರ್ಧರಿಸಬಹುದು. ಆದರೆ ಆ ನಿರ್ಧಾರವನ್ನು ಲೆಕ್ಕ ತಿಳಿದ ನಂತರ, ಮನೆಯವರೆಲ್ಲರೂ ಸೇರಿ ಕೈಗೊಳ್ಳುವುದು ಅಪೇಕ್ಷಣೀಯ.

10. ನೆರವು ಮತ್ತು ಹೆಚ್ಚಿನ ಮಾಹಿತಿ

ರಾಜ್ಯದಲ್ಲಿ ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಮತ್ತು ಅನಿವಾಸಿ ಭಾರತೀಯ ಸಮಿತಿಯನ್ನು ಸಂಪರ್ಕಿಸಬಹುದು. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕರಹಿತ ದೂರವಾಣಿ 1800 11 3090. ವಿದೇಶದಲ್ಲಿ ವೇತನ ಬಾಕಿ, ಪಾಸ್‌ಪೋರ್ಟ್ ವಶಪಡಿಸಿಕೊಳ್ಳುವಿಕೆ ಮುಂತಾದ ತೊಂದರೆಗಳಿದ್ದಲ್ಲಿ 2015ರಲ್ಲಿ ಆರಂಭವಾದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಸಂಕಷ್ಟದಲ್ಲಿರುವವರಿಗೆ ರಾಯಭಾರ ಕಚೇರಿಗಳು ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ನೀಡುತ್ತವೆ. ಉದ್ಯೋಗ ಒಪ್ಪಂದ, ವೀಸಾ ಮತ್ತು ಪಾಸ್‌ಪೋರ್ಟಿನ ಪ್ರತಿಗಳನ್ನು ಊರಿನ ಮನೆಯಲ್ಲಿಯೂ ಒಂದು ಪ್ರತಿ ಇರಿಸಿ ತೆರಳತಕ್ಕದ್ದು.

ಸೂಚನೆ: ವಿದೇಶಗಳ ವೀಸಾ ನಿಯಮಗಳು ಮತ್ತು ಶುಲ್ಕಗಳು ಬದಲಾವಣೆಗೆ ಒಳಪಟ್ಟಿರುತ್ತವೆ. ಅರ್ಜಿ ಸಲ್ಲಿಸುವ ಮುನ್ನ ಆಯಾ ದೇಶದ ಅಧಿಕೃತ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.